ಅಕ್ಕನ ಹೊಟ್ಟೆ ನೋವು

ಅಳು ಬರಲಿಲ್ಲ. ಬೆಳಿಗ್ಗೆ ಮುಖ ತೊಳೆದ ಮೇಲೆ ಬಚ್ಚಲಿನ ಕನ್ನಡಿಯ ಎದುರು ನಿಂತು ಒಂದು ಸಲ ಪ್ರಯತ್ನ ಮಾಡಿ ನೋಡಿದಳು. ಹುಬ್ಬು ಕೂಡಿತು, ಕೆಳತುಟಿ ಅದುರಿತು, ಗಂಟಲು ಕೂಡ ಹೇಳಿದ ಮಾತು ಕೇಳಿ ಸ್ವಲ್ಪ ಕಟ್ಟಿತು. ಕಣ್ಣು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಕನ್ನಡಿಯೊಳಗಿನಿಂದ ಅವಳನ್ನೇ ನೋಡುತ್ತಿತ್ತು. ಇಷ್ಟು ವರ್ಷದಲ್ಲಿ ಹೀಗಾದದ್ದಿಲ್ಲ. ಪ್ರಾಂತ್ಯದಲ್ಲಿ ಯಾವ ದೊಡ್ಡ ಮನುಷ್ಯ ಸತ್ತರೂ ಸದನದಲ್ಲಿ ಪಕ್ಷದ ಕಡೆಯಿಂದ ಸಂತಾಪದ ಮಾತಾಡುವವಳು ಅವಳೇ. ಅದಕ್ಕೆ ಬೇಕಾಗುವ ದುಃಖದ ದಾಸ್ತಾನು ಅವಳ ಹತ್ತಿರ ಯಾವಾಗಲೂ ಇರುತ್ತಿತ್ತು. ಆಸ್ಪತ್ರೆಯ ಮಂಚದ ಕೆಳಗೆ ಅಪ್ಪ ಬಿಟ್ಟುಹೋದ ಚಪ್ಪಲಿ, ಕೊನೆಯ ದಿನ ಕಿತ್ತಳೆ ಹಣ್ಣು ಕೇಳಿ ತರುವಷ್ಟರಲ್ಲಿ ಕಣ್ಣು ಮುಚ್ಚಿದ ಅಮ್ಮ, ಹೊಟ್ಟೆಯಲ್ಲೇ ಹೋದ ಮೊದಲ ಮಗು. ಇವುಗಳಲ್ಲಿ ಒಂದನ್ನು ಮನಸ್ಸಿಗೆ ತಂದುಕೊಂಡರೆ ಸಾಕು, ಯಾವ ಹೆಣಕ್ಕೆ ಬೇಕಾದರೂ ಕಣ್ಣೀರು ಸಲ್ಲುತ್ತಿತ್ತು. ಮೊದಲ ಅವಧಿಯಲ್ಲಿ ಅಪ್ಪನ ಚಪ್ಪಲಿಯೊಂದೇ ಎಷ್ಟೋ ಮಂದಿ ಮಾಜಿ ಸದಸ್ಯರಿಗೂ ಒಬ್ಬ ರಾಜ್ಯಪಾಲರಿಗೂ ಸಾಕಾಗಿತ್ತು. ಇವತ್ತು ಮೂರನ್ನೂ ಒಂದರ ಮೇಲೊಂದು ತಂದುಕೊಂಡಳು. ಚಪ್ಪಲಿ ಬರೀ ಚಪ್ಪಲಿಯಾಗಿತ್ತು. ಸವೆದು ಹೋಗಿದೆ, ಎಲ್ಲ ಖರ್ಚು ಮಾಡಿ ಕೂತಿದ್ದೇನೆ ಅಂದುಕೊಂಡಳು. ಹೋದ ತಿಂಗಳು ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕಣ್ಣಿನ ಪಸೆ ಆರಿದೆ ಮೇಡಂ, ಎಸಿಯಲ್ಲಿ ಕೂತೂ ಕೂತೂ ಹೀಗಾಗುತ್ತೆ," ಅಂದು ಸಣ್ಣ ಬಾಟಲಿಯೊಂದನ್ನು ಬರೆದುಕೊಟ್ಟಿದ್ದ. ಅದನ್ನು ಕೈಚೀಲಕ್ಕೆ ಹಾಕಿಕೊಂಡಳು.

ಕೆಳಗೆ ಕಾರಿನಲ್ಲಿ ಮೈದುನ ಕಾಯುತ್ತಿದ್ದ. ಹಾರ್ನು ಹೊಡೆಯುವವನಲ್ಲ ಅವನು. ಎಂಜಿನ್ ಚಾಲೂ ಮಾಡಿಟ್ಟು ಕೂರುವುದು ಅವನ ಕ್ರಮ. ಆ ಗುರುಗುರು ಶಬ್ದ ಮಹಡಿಯವರೆಗೆ ಕೇಳಿ, ಇನ್ನೂ ಏನು ಮಾಡುತ್ತಿದ್ದೀರಿ ಅಂತ ದಿನಾ ಬೆಳಿಗ್ಗೆ ಅವಳನ್ನು ಗದರಿಸುತ್ತಿತ್ತು. ಸದನದಲ್ಲಿ ಅವಳು ಕೂರುವ ಸೀಟು ನ್ಯಾಯವಾಗಿ ಅವನದು. ಮಾವ ಸದಸ್ಯರಾಗಿದ್ದಾಗಲೇ ತೀರಿಕೊಂಡರು. ದೊಡ್ಡ ಮಗನಿಗೆ, ಅಂದರೆ ಅವಳ ಗಂಡನಿಗೆ, ಟೈಲ್ಸ್ ಅಂಗಡಿ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಚಿಕ್ಕವನು ಮಾತ್ರ ಹೊಸ ಬಟ್ಟೆ ಹೊಲಿಸಿಕೊಂಡು ಕೂತಿದ್ದ. ಊರಿನ ಸಂತಾಪ ಸಭೆಯಲ್ಲಿ ಮನೆಯವರ ಪರವಾಗಿ ಯಾರಾದರೂ ಎರಡು ಮಾತಾಡಲಿ ಅಂದಾಗ ಅವನಿಗೆ ನಾಲಿಗೆ ಹೊರಳಲಿಲ್ಲ. ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸೊಸೆಯನ್ನು ಎಬ್ಬಿಸಿದರು. ಅವಳು ಮಾವನ ಊರುಗೋಲಿನ ಬಗ್ಗೆ ಏನೋ ಹೇಳಿದಳು, ನಿಜವಾಗಿಯೇ ಅತ್ತಳು, ಸಭೆಗೆ ಸಭೆಯೇ ಮೂಗೊರೆಸಿಕೊಂಡಿತು. ವೇದಿಕೆಯ ಮೇಲೆ ಕೂತಿದ್ದ, ಪಕ್ಷದಲ್ಲಿ ಎಲ್ಲರೂ ಯಜಮಾನರು ಅಂತ ಕರೆಯುತ್ತಿದ್ದ ಹಿರಿಯರು, ಆಗಲೂ ಕಟ್ಟಡ ಖಾತೆಯ ಮಂತ್ರಿ, ಸಭೆ ಮುಗಿದ ಮೇಲೆ ಅವಳ ಹತ್ತಿರ ಬಂದು ಮದುವೆಗೆ ಹೆಣ್ಣು ನೋಡುವವರ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿ, "ಚೆನ್ನಾಗಿ ಅಳ್ತೀಯಮ್ಮ," ಅಂದರು. ಮುಂದಿನ ವಾರ ಟಿಕೆಟ್ ಅವಳ ಹೆಸರಿಗೆ ಬಂತು. ಆ ಮಾತನ್ನು ಅವಳು ಹೊಗಳಿಕೆ ಅಂತ ತಿಳಿದಿದ್ದಳಲ್ಲ, ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆ ಯಜಮಾನರು ಹೋದ ವಾರ ಸತ್ತರು. ಇವತ್ತು ಸದನದಲ್ಲಿ ಅವರಿಗೆ ಸಂತಾಪ.

"ಅತ್ತಿಗೆ, ಬಸ್ಸುಗಳು ಹೊರಟಾಯ್ತು," ಮೈದುನ ಕನ್ನಡಿಯಲ್ಲಿ ನೋಡುತ್ತಾ ಹೇಳಿದ.

"ಯಾವ ಬಸ್ಸು?"

"ಇನ್ಯಾವುದು? ಸಂಜೆ ಪ್ರಮಾಣವಚನಕ್ಕೆ ಜನ ಬೇಡ್ವಾ? ಹಾಲ್‌ನ ಹಿಂದಿನ ಸಾಲು ಖಾಲಿ ಕಂಡ್ರೆ ಟಿವಿಲಿ ಚೆನ್ನಾಗಿರಲ್ಲ."

"ಇನ್ನೂ ಯಾರೂ ಏನೂ ಹೇಳಿಲ್ಲವಲ್ಲಪ್ಪ."

"ಸಚೇತಕರು ಹೇಳಿದ್ದಾರೆ. ನೀವು ಬೆಳಿಗ್ಗೆ ಸರಿಯಾಗಿ ಮಾಡಿ. ಸಂಜೇದು ತಾನಾಗಿ ಆಗುತ್ತೆ."

ಸರಿಯಾಗಿ ಮಾಡುವುದು ಅಂದರೆ ಅಳುವುದು. ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಆ ಕಾರಿನಲ್ಲಿ ಯಾರಿಗೂ ಇರಲಿಲ್ಲ. ಯಜಮಾನರ ಖಾತೆಗೆ ಇಬ್ಬರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಒಬ್ಬ ಅವರ ಸೋದರಳಿಯ, ಇನ್ನೊಬ್ಬ ಅವರ ಮನೆಯ ಗೇಟು ತೆಗೆಯುತ್ತಾ ಬೆಳೆದು ಈಗ ಸಕ್ಕರೆ ಕಾರ್ಖಾನೆ ಇಟ್ಟಿರುವವನು. ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬ ಸರ್ಕಾರ ಬೀಳಿಸುತ್ತಾನೆ. ಆದ್ದರಿಂದ ಯಾರಿಗೂ ಭಯವಾಗದ ಒಂದು ಮುಖ ಬೇಕಾಗಿತ್ತು. ಹೆಂಗಸು ಅಂದರೆ ಒಳ್ಳೆಯದು, ಶೋಕದಲ್ಲಿರುವ ಹೆಂಗಸು ಅಂದರೆ ಇನ್ನೂ ಒಳ್ಳೆಯದು, ಯಜಮಾನರೇ ಕೈಹಿಡಿದು ತಂದವಳು ಅವರ ಹೆಸರು ಹೇಳಿ ಕಣ್ಣೀರಿಟ್ಟರೆ ಅವಳ ಎದುರು ನಿಂತು ನನಗೆ ಬೇಕು ಅನ್ನಲು ಯಾವ ಗಂಡಸಿಗೂ ನಾಚಿಕೆಯಾಗುತ್ತದೆ ಎಂಬುದು ಸಚೇತಕರ ಲೆಕ್ಕಾಚಾರ. ನಾಚಿಕೆ ಅನ್ನುವುದೊಂದು ಇನ್ನೂ ಉಳಿದಿದೆ ಅಂತ ನಂಬುವಷ್ಟು ಮುಗ್ಧರೇ ಅವರು ಅಂತ ಅವಳಿಗೆ ನಗು ಬಂತು. ಆಮೇಲೆ, ತಾನು ಈ ಖಾತೆಗೆ ಎಷ್ಟು ವರ್ಷದಿಂದ ಜೊಲ್ಲು ಸುರಿಸುತ್ತಿದ್ದೇನೆ ಎಂಬುದು ನೆನಪಾಗಿ ನಗು ನಿಂತಿತು. ಬೇಕು ಅವಳಿಗೆ. ಬೇಡ ಅಂದರೆ ಸುಳ್ಳು. ಕೆಂಪು ದೀಪದ ಹತ್ತಿರ ಕಾರು ನಿಂತಾಗ ಪಕ್ಕದಲ್ಲಿ ಒಂದು ಸ್ಕೂಲಿನ ಕಾಂಪೌಂಡು ಗೋಡೆ ಕಂಡಿತು. ಹೊಸದಾಗಿ ಸುಣ್ಣ ಬಳಿದಿದ್ದರು. ಅವಳು ಕತ್ತು ತಿರುಗಿಸಿ ಮುಂದೆ ನೋಡಿದಳು. ಗೋಡೆಗಳನ್ನು ನೋಡದೆ ಇರುವುದನ್ನು ಅವಳು ಬಹಳ ಹಿಂದೆಯೇ ಕಲಿತುಕೊಂಡಿದ್ದಳು.

ಸದನದಲ್ಲಿ ಅವಳಿಗೊಂದು ಅಡ್ಡಹೆಸರಿತ್ತು, ಅಳುಮುಂಜಿ ಅಂತ. ಎದುರಿಗೆ ಎಲ್ಲರಿಗೂ ಅಕ್ಕ, ಅವಳಿಗಿಂತ ಹದಿನೈದು ವರ್ಷ ದೊಡ್ಡವರಿಗೂ ಅಕ್ಕ. ಬೆನ್ನ ಹಿಂದೆ ಅಳುಮುಂಜಿ. ಅದು ಗೊತ್ತಾದ ದಿನ ಅವಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಟೈಲ್ಸಿನ ಮಾದರಿ ಪುಸ್ತಕ ತಿರುವುತ್ತಾ, "ಹೆಸರು ಬಂತಲ್ಲ, ಬಿಡು," ಅಂದ. ಅವನು ಹೇಳಿದ್ದರಲ್ಲೂ ಹುರುಳಿತ್ತು. ಬೇರೆ ಯಾವ ಮಾತಿನಿಂದ ಅವಳಿಗೆ ಹೆಸರು ಬರುವುದು ಸಾಧ್ಯವಿತ್ತು? ಕುಡಿಯುವ ನೀರಿನ ಬಗ್ಗೆ ಎದ್ದು ನಿಂತರೆ ಮೊದಲ ವಾಕ್ಯ ಮುಗಿಯುವ ಮುಂಚೆ ಆ ಕಡೆಯಿಂದ ಒಬ್ಬ, "ಅಕ್ಕ, ಇದಕ್ಕೂ ಅಳ್ತೀರಾ?" ಅನ್ನುತ್ತಿದ್ದ. ಈ ಕಡೆಯವರೂ ನಗುತ್ತಿದ್ದರು. ಅಷ್ಟರಲ್ಲಿ ಸಭಾಧ್ಯಕ್ಷರು ಗಡಿಯಾರ ನೋಡಿ, "ಆಯ್ತಮ್ಮ, ಕೂತ್ಕೊಳ್ಳಿ," ಅನ್ನುತ್ತಿದ್ದರು. ಸಂತಾಪಕ್ಕೆ ಮಾತ್ರ ಸದನದಲ್ಲಿ ಬೇರೆ ಕಟ್ಟಳೆ. ಸತ್ತವರ ಬಗ್ಗೆ ಮಾತಾಡುವವರನ್ನು ಯಾರೂ ತಡೆಯುವ ಹಾಗಿಲ್ಲ, ಗಂಟೆ ಬಾರಿಸುವ ಹಾಗಿಲ್ಲ, ಫೋನು ಕೂಡ ಯಾರೂ ನೋಡುವುದಿಲ್ಲ. ಮೊದಲ ಸಲ ಆ ನಿಶ್ಶಬ್ದದಲ್ಲಿ ನಿಂತಾಗ ಅವಳಿಗೆ ತನ್ನ ದನಿ ತನಗೇ ಕೇಳಿಸಿ ಮೈ ಜುಮ್ಮೆಂದಿತ್ತು. ಆರಂಭಿಸಿದ ವಾಕ್ಯವನ್ನು ಮುಗಿಸಿದಳು. ಇನ್ನೊಂದನ್ನು ಆರಂಭಿಸಿ ಅದನ್ನೂ ಮುಗಿಸಿದಳು. ಆಮೇಲಾಮೇಲೆ ಯಾರಾದರೂ ಹಿರಿಯರ ಆರೋಗ್ಯ ಕೆಟ್ಟಿದೆ ಅಂತ ಸುದ್ದಿ ಬಂದರೆ ಅವಳ ನಾಲಿಗೆಯಲ್ಲಿ ಒಂದು ಚೂರು ನೀರೂರತೊಡಗಿತು. ಹದ್ದು ಅನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣ ಬೇಕೇ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡದ್ದರಿಂದ ಏನೂ ಬದಲಾಗಲಿಲ್ಲ.

ಮೊಗಸಾಲೆಯಲ್ಲಿ ಎಲ್ಲರೂ ಬಿಳಿ ಬಟ್ಟೆ ತೊಟ್ಟು ನಿಂತಿದ್ದರು. ಶೋಕದ ದಿನ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಮೆಲ್ಲಗೆ ಮಾತಾಡುತ್ತಾರೆ, ದೂರದಿಂದ ನೋಡಿದರೆ ಸಮಾಧಾನ ಮಾಡುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ವರ್ಗಾವಣೆ, ಗಣಿ ಗುತ್ತಿಗೆ, ಯಾರ ಮಗಳು ಯಾರ ಜೊತೆ ಓಡಿಹೋದಳು ಎಂಬ ಸಂಗತಿ. ಸೋದರಳಿಯ ಕಂಬಕ್ಕೊರಗಿ ಬಾದಾಮಿ ಜಗಿಯುತ್ತಿದ್ದ. ಸಕ್ಕರೆಯವನು ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ, ಅತ್ತು ಅತ್ತು ಕಣ್ಣು ಊದಿದೆ ಅಂತ ನಂಬಬೇಕಾದವರು ನಂಬಲಿ ಅಂತ. ಯಜಮಾನರ ದೊಡ್ಡ ಫೋಟೋ ಬಾಗಿಲ ಬಳಿ ಇಟ್ಟಿದ್ದರು. ಫೋಟೋದಲ್ಲೂ ಅವರು ಅವಳನ್ನು ಹಾಗೇ ನೋಡುತ್ತಿದ್ದರು, ಬೆಲೆ ಕಟ್ಟುವವರ ಹಾಗೆ. ಸಚೇತಕರು ಎಲ್ಲಿಂದಲೋ ಬಂದು ಅವಳ ಮೊಣಕೈ ಹಿಡಿದರು. ಅವರ ಕೈ ಯಾವಾಗಲೂ ಸ್ವಲ್ಪ ಒದ್ದೆ.

"ಅಕ್ಕ, ಮುಖ್ಯಮಂತ್ರಿಗಳ ಮಾತು ಆದ ತಕ್ಷಣ ನಿಮ್ಮ ಹೆಸರು ಕರೀತಾರೆ. ವಿರೋಧ ಪಕ್ಷದೋರಿಗಿಂತ ಮುಂಚೆ."

"ನನಗೆ ಇವತ್ತು..."

"ಉದ್ದ ಬೇಡ. ಎರಡು ಹನಿ ಬಿದ್ರೆ ಸಾಕು. ಟಿವಿಯೋರು ಒಂದು ಕ್ಯಾಮೆರಾನ ನಿಮ್ಮ ಮೇಲೇ ಇಟ್ಟಿರ್ತಾರೆ, ನಾನೇ ಹೇಳಿದ್ದೀನಿ. ಎಡಗಡೆಯಿಂದ ತಗೋತಾರೆ."

"ಅಳು ಬರ್ತಾ ಇಲ್ಲ," ಅಂದಳು. ಬಾಯಿ ಜಾರಿ ಬಂದ ಮಾತು.

ಸಚೇತಕರು ಅವಳ ಮುಖವನ್ನು, ರಿಪೇರಿಗೆ ಬಂದ ಗಡಿಯಾರವನ್ನು ನೋಡುವ ಹಾಗೆ ನೋಡಿದರು. "ಅವರಿಂದಾನೇ ಅಲ್ವಾ ಅಕ್ಕ ನೀವು ಈ ಮಟ್ಟಕ್ಕೆ ಬಂದಿದ್ದು? ಅದನ್ನ ಸ್ವಲ್ಪ ನೆನಪಿಸ್ಕೊಳ್ಳಿ. ಬರುತ್ತೆ."

ನೆನಪಿಸಿಕೊಳ್ಳುವುದಕ್ಕೆ ಅಂತಲೇ ಅವಳು ಮಹಿಳಾ ಸದಸ್ಯರ ಕೋಣೆಗೆ ಹೋದಳು. ಆ ಕಟ್ಟಡ ಕಟ್ಟಿದವರಿಗೆ ಹೆಂಗಸರೂ ಇಲ್ಲಿಗೆ ಬಂದಾರು ಎಂಬ ಕಲ್ಪನೆಯೇ ಇದ್ದಂತಿರಲಿಲ್ಲ. ಆಮೇಲೆ ಯಾವುದೋ ಉಗ್ರಾಣದ ಅರ್ಧ ಭಾಗಕ್ಕೆ ಹಲಗೆ ಹೊಡೆದು, ಒಂದು ಬೇಸಿನ್, ಒಂದು ಕನ್ನಡಿ, ಎರಡು ಶೌಚಾಲಯ, ಕಂದು ಬಣ್ಣದ ಒಂದು ಸೋಫಾ ಇಟ್ಟು ಬಾಗಿಲಿಗೆ ಫಲಕ ಬಡಿದಿದ್ದರು. ಕಿಟಕಿಯಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಒಂದು ಧ್ವನಿಪೆಟ್ಟಿಗೆ ಇತ್ತು, ಸದನದಲ್ಲಿ ನಡೆಯುವ ಮಾತೆಲ್ಲ ಅದರಲ್ಲಿ ಕೇಳುತ್ತಿತ್ತು, ಮೂತ್ರಕ್ಕೆ ಕೂತವರಿಗೂ ಪ್ರಜಾಪ್ರಭುತ್ವ ತಪ್ಪಿಹೋಗಬಾರದು ಎಂಬ ಹಾಗೆ. ಬೇಸಿನ್ನಿನ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು. ಅದು ಇನ್ನೂ ಅಲ್ಲೇ ಇತ್ತು. ಅವಳು ಸೋಫಾದ ಮೇಲೆ ಕೂರಲು ಹೋದವಳು ಸ್ಟೂಲಿನ ಮೇಲೆ ಕೂತಳು. ಮೇಲಿನ ಪೆಟ್ಟಿಗೆಯಲ್ಲಿ ಮುಖ್ಯಮಂತ್ರಿಗಳು, ತುಂಬಲಾರದ ನಷ್ಟ, ಅನ್ನುತ್ತಿದ್ದರು. ಸಂಜೆಯೊಳಗೆ ತುಂಬಲು ಎಲ್ಲ ಸಿದ್ಧತೆಯನ್ನೂ ಮಾಡಿಕೊಂಡಿದ್ದ ನಷ್ಟ ಅದು. ಅವಳು ಬಾಟಲಿ ತೆಗೆದು ಕತ್ತು ಹಿಂದಕ್ಕೆ ಚಾಚಿ ಬಲಗಣ್ಣಿಗೆ ಒಂದು ಹನಿ ಬಿಟ್ಟಳು. ಕಣ್ಣು ಅದನ್ನು ಒಣ ನೆಲ ನೀರು ಕುಡಿದ ಹಾಗೆ ಕುಡಿಯಿತು. ಕೆನ್ನೆಗೆ ಏನೂ ಬರಲಿಲ್ಲ.

ಈ ಸ್ಟೂಲಿನ ಮೇಲೆ ಅವಳು ಹಿಂದೊಮ್ಮೆ ಕೂತಿದ್ದಳು. ಆಗ ಇನ್ನೂ ಎರಡನೆಯ ಅವಧಿ, ಮೈಯಲ್ಲಿ ಹುಮ್ಮಸ್ಸಿತ್ತು. ಅವಳ ಕ್ಷೇತ್ರದಲ್ಲಿ ಹುಡುಗಿಯರ ಹಾಸ್ಟೆಲಿನ ಗೋಡೆಯೊಂದು ಬಟ್ಟೆ ಒಗೆಯುತ್ತಿದ್ದ ಇಬ್ಬರು ಹುಡುಗಿಯರ ಮೇಲೆ ಬಿತ್ತು. ಕಟ್ಟಿ ಒಂದು ವರ್ಷ ಕೂಡ ಆಗಿರಲಿಲ್ಲ. ಬಿದ್ದ ಇಟ್ಟಿಗೆಯನ್ನು ಅವಳೇ ಕೈಯಲ್ಲಿ ಹಿಡಿದಿದ್ದಳು, ಅದು ಬೆರಳ ಸಂದಿಯಿಂದ ರವೆಯ ಹಾಗೆ ಉದುರಿತು. ಒಬ್ಬ ಹುಡುಗಿ ಬದುಕಿದಳು. ಇನ್ನೊಬ್ಬಳ ತಾಯಿ ಪೇಟೆಯ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು, ಗಂಡನಿಲ್ಲದವಳು. ಅಕ್ಕನ ರವಿಕೆಯ ತೋಳಿನ ಗುಂಡಿಗಳನ್ನೂ ಅವಳೇ ಎಷ್ಟೋ ಸಲ ಹೊಲಿದಿದ್ದಳು. ಆ ತಾಯಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಯಾಕೆ ಬಿತ್ತು ಅಂತ ಕೇಳಿ ಅಕ್ಕ. ಅಷ್ಟು ಕೇಳಿದ್ರೆ ಸಾಕು," ಅಂದಳು. ಅಕ್ಕ ಸದನದಲ್ಲಿ ಪ್ರಶ್ನೆ ಹಾಕಿದಳು. ಕಟ್ಟಡ ಖಾತೆ ಯಜಮಾನರದು, ಗುತ್ತಿಗೆ ಅವರ ಸೋದರಳಿಯನದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದಳು. ಬದುಕಿನಲ್ಲಿ ಒಂದು ಸಲ ಹಾಗೆ ಮಾಡಿದ್ದಳು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಪ್ರಶ್ನೆ ಬರುವ ಹಿಂದಿನ ದಿನ ಯಜಮಾನರ ಮನೆಯಿಂದ ಕರೆ ಬಂತು. ಹೋದರೆ ಹಾಲ್‌ನಲ್ಲಿ ಗಂಡಸರು ಕೂತಿದ್ದರು, ಅವಳನ್ನು ನೇರ ಅಡುಗೆಮನೆಗೆ ಕಳಿಸಿದರು. ಯಜಮಾನರ ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಅವಳ ಮುಂದೆಯೂ ನಾಲ್ಕು ಗಡ್ಡೆ ಇಟ್ಟರು. ಅವಳು ಸುಲಿಯತೊಡಗಿದಳು. ಯಜಮಾನರು ಬಾಗಿಲಿಗೆ ಬಂದು ನಿಂತು, ಬೈಯಲಿಲ್ಲ, ದನಿ ಕೂಡ ಎತ್ತಲಿಲ್ಲ. "ನಾಳೆ ನಿನ್ನ ಹೆಸರು ಕರೆದಾಗ ನೀನು ಸೀಟಲ್ಲಿ ಇರಬೇಡ. ಅಷ್ಟೇ. ಪ್ರಶ್ನೆ ಹಾಕಿದೋರು ಇಲ್ದಿದ್ರೆ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತೆ. ವಾಪಸ್ ತಗೊಂಡೆ ಅನ್ನೋ ಅವಮಾನ ನಿನಗೂ ಬೇಡ, ನನಗೂ ಬೇಡ." ಅವರು ಹೋದ ಮೇಲೆ ಹೆಂಡತಿ ತಲೆಯೆತ್ತದೆ, "ಬಚ್ಚಲಲ್ಲಿ ಹೋಗಿ ಕೂತ್ಕೋಮ್ಮ. ನಾನೂ ಹಾಗೇ ಮಾಡ್ತೀನಿ," ಅಂದರು. ಬೆರಳಿನ ಬೆಳ್ಳುಳ್ಳಿ ವಾಸನೆ ಮರುದಿನವೂ ಹೋಗಿರಲಿಲ್ಲ.

ಮರುದಿನ ಅವಳು ಇದೇ ಸ್ಟೂಲಿನ ಮೇಲೆ ಕೂತು ನಲ್ಲಿ ಬಿಟ್ಟುಕೊಂಡಿದ್ದಳು, ಶಬ್ದಕ್ಕೆ. ಆದರೂ ಪೆಟ್ಟಿಗೆ ಕೇಳಿಸಿತು. ಸಭಾಧ್ಯಕ್ಷರು ಅವಳ ಹೆಸರು ಕರೆದರು. ಸ್ವಲ್ಪ ತಡೆದು ಮತ್ತೆ ಕರೆದರು. ಎರಡು ಸಲ ಕರೆಯುವುದು ಅಲ್ಲಿಯ ಪದ್ಧತಿ. ತನ್ನ ಹೆಸರು ಅಷ್ಟು ಚೆನ್ನಾಗಿದೆ ಅಂತ ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. "ಸದಸ್ಯರು ಇಲ್ಲ. ಮುಂದಿನ ಪ್ರಶ್ನೆ," ಅಂದರು, ಮುಂದಿನದು ಹಂದಿಗಳ ಹಾವಳಿಯ ಬಗ್ಗೆ. ಮೇಲೆ ಗ್ಯಾಲರಿಯಲ್ಲಿ ಕಾಜಾ ಹಾಕುವವಳು ಕೂತಿದ್ದಳು. ನೀನೇ ಬಂದು ನೋಡು ಅಂತ ಪಾಸು ಕೊಡಿಸಿದ್ದವಳು ಅಕ್ಕನೇ. ಹೊರಗೆ ಮೆಟ್ಟಿಲ ಹತ್ತಿರ ಸಿಕ್ಕು, "ನಿಮ್ಮ ಹೆಸರು ಕರೆದ್ರು ಅಕ್ಕ. ನೀವು ಬರಲಿಲ್ಲ," ಅಂದಳು. ಅವಳ ದನಿಯಲ್ಲಿ ಆಪಾದನೆಯಿರಲಿಲ್ಲ, ಕರೆದದ್ದು ಅಕ್ಕನಿಗೆ ಕೇಳಿಸಿರಲಿಲ್ಲವೇನೋ ಅಂತ ತಿಳಿಸುತ್ತಿರುವ ಹಾಗಿತ್ತು. "ಹೊಟ್ಟೆ ನೋವು ಬಂದುಬಿಡ್ತಮ್ಮ," ಅಂದಳು ಅಕ್ಕ. ಆಕೆ ತಕ್ಷಣ ತನ್ನ ಚೀಲದೊಳಗೆ ಕೈ ಹಾಕಿ ಒಂದು ಬಾಟಲಿ ಬಿಸಿನೀರು ತೆಗೆದು, ದಾರಿಗೆ ಅಂತ ತಂದಿದ್ದು, ಕುಡಿಯಲು ಕೊಟ್ಟಳು. ಅಕ್ಕ ಅಲ್ಲೇ ನಿಂತು ಅಷ್ಟನ್ನೂ ಕುಡಿದಳು. ಅಲ್ಲಿಂದೀಚೆಗೆ ಚುನಾವಣೆಯಲ್ಲಿ, ಮದುವೆಮನೆಯಲ್ಲಿ, ಬಸ್ ಸ್ಟ್ಯಾಂಡಿನ ಉದ್ಘಾಟನೆಯಲ್ಲಿ, ಎಲ್ಲಿ ಕಂಡರೂ ಆಕೆ ಕೇಳುವುದು ಒಂದೇ ಮಾತು: "ಹೊಟ್ಟೆ ನೋವು ಈಗ ಹೇಗಿದೆ ಅಕ್ಕ?" ಅದು ಮುಗ್ಧವಾಗಿ ಕೇಳಿದ್ದೋ, ಚಾಟಿಯೋ, ಇವತ್ತಿನವರೆಗೂ ಅವಳಿಗೆ ಗೊತ್ತಾಗಿಲ್ಲ. ಗೋಡೆಯ ಸುದ್ದಿಯನ್ನು ಆಕೆ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅಕ್ಕ ಎಂದೋ ಅತ್ತು ಕೈ ತೊಳೆದುಕೊಳ್ಳುತ್ತಿದ್ದಳು.

ಮುಖ್ಯಮಂತ್ರಿಗಳ ಮಾತು ಮುಗಿಯುವ ಹಂತಕ್ಕೆ ಬಂದಿತ್ತು. ಎದ್ದು ಹೋಗಬೇಕು. ಅವಳಿಗೆ ಥಟ್ಟನೆ ಒಂದು ಯೋಚನೆ ಬಂತು. ಇವತ್ತು ಸಂತಾಪ, ಇವತ್ತು ಯಾರೂ ಅವಳನ್ನು ತಡೆಯುವ ಹಾಗಿಲ್ಲ. ಅಲ್ಲಿ ನಿಂತು, ಸತ್ತವರು ಕಟ್ಟಿಸಿದ ಗೋಡೆ ಯಾಕೆ ಬಿತ್ತು ಅಂತ ಕೇಳಿದರೆ ಅದೇ ನಿಶ್ಶಬ್ದದಲ್ಲಿ, ಎಡಗಡೆಯ ಕ್ಯಾಮೆರಾದ ಎದುರಿಗೆ, ವಾಕ್ಯ ಪೂರ್ತಿ ಮುಗಿಯುತ್ತದೆ. ಇಟ್ಟಿಗೆ ರವೆಯ ಹಾಗೆ ಉದುರಿತು ಅಂತ ಹೇಳಬಹುದು. ಬೆಳ್ಳುಳ್ಳಿಯನ್ನೂ ಹೇಳಬಹುದು. ಮನಸ್ಸಿನಲ್ಲೇ ಆರಂಭಿಸಿದಳು, 'ಮಾನ್ಯ ಸಭಾಧ್ಯಕ್ಷರೆ, ಯಜಮಾನರು ನನಗೆ ತಂದೆಯ ಸಮಾನ'. ನಾಲಿಗೆ ತಾನಾಗಿ ಅಲ್ಲಿಗೇ ಹೋಗಿ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ತಂದೆಯ ಸಮಾನ. ಇಷ್ಟು ವರ್ಷ ಹೆಣಗಳ ಮೇಲೆ ಹೂ ಹಾಕಿ ಹಾಕಿ ಆ ನಾಲಿಗೆಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ದನಿ ಕೇಳಿತು, ಲೆಕ್ಕ ಹಾಕುವ ದನಿ, ಅದು ಅವಳದೇ. ಸಂಜೆ ಖಾತೆ ಬರಲಿ, ಆಮೇಲೆ ನೀನೇ ಮಂತ್ರಿ, ಗೋಡೆಯ ತನಿಖೆಗೆ ನೀನೇ ಆದೇಶ ಮಾಡಬಹುದಲ್ಲ, ಅಂತ. ಎಷ್ಟು ನಯವಾಗಿ ಮಾತಾಡುತ್ತದೆ ಇದು, ಯಜಮಾನರ ಹಾಗೆಯೇ, ದನಿ ಎತ್ತದೆ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಳುವುದಕ್ಕೆ ಧೈರ್ಯವಿಲ್ಲ, ಸರಿ. ಆದರೆ ಅಳದೆ ಇರುವುದಕ್ಕೂ ಧೈರ್ಯ ಬೇಕೇ? ಆ ಮನುಷ್ಯನಿಗೆ ಒಂದು ಹನಿ ಕೊಡಲಾರೆ. ಅಷ್ಟಾದರೂ ಮಾಡುತ್ತೇನೆ. ಹೆಸರು ಕರೆಯಲಿ, ನಾನು ಸೀಟಿನಲ್ಲಿ ಇರುವುದಿಲ್ಲ. ಅವರೇ ಕಲಿಸಿದ ವಿದ್ಯೆ.

ಕರೆದರು. ಪೆಟ್ಟಿಗೆಯಲ್ಲಿ ಅವಳ ಹೆಸರು ಹಳೆಯ ದಿನದಷ್ಟೇ ಚೆನ್ನಾಗಿ ಕೇಳಿತು. ಅವಳು ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದು ಕೂತಳು. ಒಳಗೆ ಎಲ್ಲೋ ಹಗುರವಾಗುತ್ತಿತ್ತು. ಹೋಯಿತು ಖಾತೆ, ಹೋಗಲಿ, ಬಸ್ಸುಗಳು ತಿರುಗಿ ಹೋಗಲಿ, ಮೈದುನ ಸ್ಟಿಯರಿಂಗಿಗೆ ತಲೆ ಚಚ್ಚಿಕೊಳ್ಳಲಿ. ಎರಡನೆಯ ಸಲ ಕರೆದರು. ಅದಾದ ಮೇಲಿನ ಮೌನ ಬಹಳ ಉದ್ದವಾಗಿತ್ತು. ಇಡೀ ಸದನ ತನ್ನ ಖಾಲಿ ಸೀಟನ್ನು ನೋಡುತ್ತಿದೆ ಎಂಬುದನ್ನು ಅವಳು ಕಣ್ಣಾರೆ ಕಂಡ ಹಾಗೆ ಕಂಡಳು. ಅವಳು ಮಾಡಿದ ಭಾಷಣಗಳಲ್ಲೆಲ್ಲ ಇದೇ ಒಳ್ಳೆಯದು ಅನ್ನಿಸಿತು.

ಪೆಟ್ಟಿಗೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಸಚೇತಕರ ದನಿ ಬಂತು, ಗದ್ಗದವಾಗಿ. "ಮಾನ್ಯ ಸಭಾಧ್ಯಕ್ಷರೆ, ಸದನದ ಕ್ಷಮೆ ಕೋರುತ್ತೇನೆ. ನಮ್ಮ ಅಕ್ಕನವರು ಬೆಳಿಗ್ಗೆಯಿಂದ ಅಳುತ್ತಲೇ ಇದ್ದಾರೆ. ತಂದೆಯ ಸಮಾನರಾದವರನ್ನು ಕಳೆದುಕೊಂಡ ದುಃಖದಲ್ಲಿ ಅವರಿಗೆ ಸದನದೊಳಗೆ ಹೆಜ್ಜೆ ಇಡುವ ಶಕ್ತಿಯೂ ಇಲ್ಲವಾಗಿದೆ. ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇನ್ನೇನಿದೆ? ಅವರ ಖಾಲಿ ಆಸನವೇ ಇವತ್ತು ಮಾತಾಡುತ್ತಿದೆ." ಸಂತಾಪದ ಹೊತ್ತಿನಲ್ಲಿ ಮೇಜು ಕುಟ್ಟುವ ಹಾಗಿಲ್ಲ. ಆದರೂ ಎರಡು ಕಡೆಯಿಂದಲೂ ಒಂದು ನಿಟ್ಟುಸಿರು ಎದ್ದದ್ದು ಪೆಟ್ಟಿಗೆಯಲ್ಲಿ ಕೇಳಿತು. ಸಭಾಧ್ಯಕ್ಷರು, ಸದಸ್ಯರ ಭಾವನೆಯನ್ನು ಸದನ ಗೌರವಿಸುತ್ತದೆ, ಅದು ಮೃತರ ಕುಟುಂಬಕ್ಕೆ ತಲುಪಲಿದೆ, ಅಂದರು.

ಅವಳು ಎದ್ದಳು. ಹೋಗಿ ಹೇಳಬೇಕು, ಈಗಲೇ, ಇಲ್ಲ ಅಂತ. ಕಣ್ಣು ಉರಿಯುತ್ತಿತ್ತು, ಬಾಟಲಿ ಇನ್ನೂ ಕೈಯಲ್ಲೇ ಇತ್ತು. ಅಭ್ಯಾಸಬಲದಿಂದ ಮುಚ್ಚಳ ತೆಗೆದು ಎರಡೂ ಕಣ್ಣಿಗೆ ಹಿಂಡಿದಳು. ಅವಸರಕ್ಕೆ ಅರ್ಧ ಬಾಟಲಿ ಮುಖದ ಮೇಲೆ ಸುರಿಯಿತು. ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಮಹಿಳಾ ಮಾರ್ಷಲ್ ಒಬ್ಬಳು, ಅವಳ ಹಿಂದೆ ಸಚೇತಕರು, ಅವರ ಹಿಂದೆ ಮೈದುನ, ಅವನ ಭುಜದ ಮೇಲಿನಿಂದ ಇಣುಕುತ್ತಿದ್ದ ಒಂದು ಕ್ಯಾಮೆರಾ. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಕ್ಯಾಮೆರಾದವನು ಟೋಪಿ ತೆಗೆದ.

"ನಾನು ಬೇಕಂತಲೇ ಬರಲಿಲ್ಲ," ಅಂದಳು ಸಚೇತಕರಿಗೆ, ಅವರಿಗೆ ಮಾತ್ರ ಕೇಳುವ ಹಾಗೆ.

"ಗೊತ್ತು ಅಕ್ಕ."

"ನಿಮಗೆ ಅರ್ಥ ಆಗ್ಲಿಲ್ಲ. ಆ ಮನುಷ್ಯನಿಗೆ ಅಳೋಕೆ ನನಗೆ ಇಷ್ಟ ಇರ್ಲಿಲ್ಲ. ಹಾಗಾಗಿ ಇಲ್ಲೇ ಕೂತಿದ್ದೆ."

ಸಚೇತಕರು ಅವಳನ್ನು ಹೊಸದಾಗಿ ನೋಡಿದರು. ಅಷ್ಟು ವರ್ಷದ ಪರಿಚಯದಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೌರವ ಕಂಡಿತು. "ಯಾರಿಗಿತ್ತು ಅಕ್ಕ ಇಷ್ಟ?" ಅಂದರು ಅಷ್ಟೇ ಮೆಲ್ಲಗೆ. "ನಾನು ಎರಡು ಹನಿ ಸಾಕು ಅಂದಿದ್ದೆ. ನೀವು ಸೀಟೇ ಖಾಲಿ ಬಿಟ್ರಿ. ನನ್ನ ತಲೆಗೂ ಹೊಳೆದಿರಲಿಲ್ಲ ನೋಡಿ. ಸೋದರಳಿಯ ಬಾದಾಮಿ ಉಗಿದು ಮನೆಗೆ ಹೋದ." ಮೈದುನ ಅವಳ ಕೈಚೀಲವನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಅವನು ಎಂದೂ ಹಾಗೆ ಮಾಡಿದವನಲ್ಲ. ಅವಳು ಇನ್ನೊಂದು ಮಾತಾಡಬೇಕಿತ್ತು. ಕ್ಯಾಮೆರಾ ಅಲ್ಲೇ ಇತ್ತು, ಮೈಕು ಬಾಯಿಯ ಹತ್ತಿರ ಬಂದಿತ್ತು, ಯಾರೂ ಅವಳನ್ನು ತಡೆಯುತ್ತಿರಲಿಲ್ಲ, ಎಲ್ಲರೂ ಸುಮ್ಮನಿದ್ದು ಕಾಯುತ್ತಿದ್ದರು. ಅವಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಗುಂಪು ಅವಳಿಗೆ ದಾರಿ ಬಿಟ್ಟಿತು.

ಸಂಜೆ ಹಾಲ್‌ನ ಹಿಂದಿನ ಸಾಲುಗಳು ತುಂಬಿದ್ದವು. ಮುಂದಿನ ಸಾಲಿನಲ್ಲಿ ಪ್ರಮಾಣವಚನ ತೆಗೆದುಕೊಳ್ಳುವವಳ ಕುರ್ಚಿ, ಪಕ್ಕದಲ್ಲಿ ಗಂಡ, ಅಂಗಡಿ ಬಾಗಿಲು ಬೇಗ ಹಾಕಿ ಬಂದವನು, ನೆಲದ ಕಲ್ಲು ಯಾವುದು ಅಂತ ಬೂಟಿನ ತುದಿಯಿಂದ ಉಜ್ಜಿ ನೋಡುತ್ತಿದ್ದ. ಟಿವಿಯಲ್ಲಿ ಮಧ್ಯಾಹ್ನದಿಂದ ಅವಳ ಒದ್ದೆ ಮುಖವನ್ನೇ ತೋರಿಸುತ್ತಿದ್ದರಂತೆ. ಬಸ್ಸಿನಲ್ಲಿ ಬಂದವರು ಒಬ್ಬೊಬ್ಬರಾಗಿ ಬಂದು ಹೂಗುಚ್ಛ ಕೊಟ್ಟು, ಸಮಾಧಾನ ಮಾಡ್ಕೊಳ್ಳಿ ಅಕ್ಕ, ಅಂತಲೂ, ಅಭಿನಂದನೆ ಅಕ್ಕ, ಅಂತಲೂ, ಎರಡರಲ್ಲಿ ಯಾವುದು ಸರಿ ಅಂತ ತಿಳಿಯದೆ ಎರಡನ್ನೂ ಹೇಳಿ ಹೋಗುತ್ತಿದ್ದರು. ಕಾಜಾ ಹಾಕುವವಳೂ ಬಂದಿದ್ದಳು. ಮೈದುನ ಬಸ್ಸು ತುಂಬಿಸುವಾಗ ಯಾರನ್ನೂ ಬಿಡುವವನಲ್ಲ. ಆಕೆಯ ಕೂದಲು ಪೂರ್ತಿ ನರೆತಿತ್ತು, ಕೈಯಲ್ಲಿ ಹೂವಿರಲಿಲ್ಲ. ಹತ್ತಿರ ಬಂದು ಬಗ್ಗಿ, ಅಕ್ಕನ ತೋಳಿನಲ್ಲಿ ನೇತಾಡುತ್ತಿದ್ದ ಒಂದು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟಳು.

"ಬೆಳಿಗ್ಗೆ ನಿಮ್ಮ ಹೆಸರು ಕರೆದ್ರಂತೆ ಅಕ್ಕ. ನೀವು ಹೋಗ್ಲಿಲ್ವಂತೆ. ಟಿವಿಲಿ ಹೇಳಿದ್ರು."

"ಹೂಂನಮ್ಮ."

"ಹೊಟ್ಟೆ ನೋವಾ?"

ಅಕ್ಕ ಆಕೆಯ ಕಣ್ಣು ನೋಡಿದಳು. ಅಲ್ಲಿ ಏನಿದೆ ಅಂತ ಈಗಲೂ ತಿಳಿಯಲಿಲ್ಲ. ಹೇಳಬಹುದಿತ್ತು. ಅವತ್ತು ಹೊಟ್ಟೆ ನೋವಿರಲಿಲ್ಲ ಕಣಮ್ಮ, ಇವತ್ತೂ ಇರಲಿಲ್ಲ, ಅವತ್ತು ನಿನ್ನ ಮಗಳನ್ನು ಮಾರಿಕೊಂಡೆ, ಇವತ್ತು ನಿನ್ನ ಮಗಳ ಹೆಸರಿನಲ್ಲಿ ಕೂತಿದ್ದನ್ನೂ ಮಾರಿಕೊಂಡೆ, ಅಂತ. ಆಕೆ ಕಾಯುತ್ತಿದ್ದಳು, ಗ್ಯಾಲರಿಯಲ್ಲಿ ಕೂತು ಕಾದ ಹಾಗೆ, ಯಾವ ಅವಸರವೂ ಇಲ್ಲದೆ. ಅಕ್ಕ ಬಾಯಿ ತೆರೆದಳು.

ಅಷ್ಟರಲ್ಲಿ ವೇದಿಕೆಯಿಂದ ಮೈಕಿನಲ್ಲಿ ಅವಳ ಹೆಸರು ಕರೆದರು. ಇನ್ನೊಮ್ಮೆ ಕರೆಯುವ ಪ್ರಸಂಗ ಬರಲಿಲ್ಲ. ಹೆಸರು ಪೂರ್ತಿ ಮುಗಿಯುವುದರೊಳಗೆ ಅವಳು ಎದ್ದು ನಿಂತಿದ್ದಳು, ಆಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದಳು, ಮೆಟ್ಟಿಲು ಹತ್ತುತ್ತಿದ್ದಳು. ಹೊಟ್ಟೆಯಲ್ಲಿ ಎಳ್ಳಷ್ಟೂ ನೋವಿರಲಿಲ್ಲ.